ಮೂವತ್ತನೇ ಪುಟ ದಾಟುವುದು ಹೇಗೆ? ಕಾಸರಗೋಡಿನ ಹೊಸ ಕಾದಂಬರಿಕಾರರಿಗೆ ಓದು-ಬರಹದ ದಿನಚರಿ

ಕಾದಂಬರಿ ಬರೆಯಲು ಹೊರಟ ಇಲ್ಲಿನ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಮೊದಲ ಅಧ್ಯಾಯ ಚೆನ್ನಾಗಿರುತ್ತದೆ, ಎರಡನೆಯದು ಪರವಾಗಿಲ್ಲ, ಮೂವತ್ತನೇ ಪುಟದ ಹೊತ್ತಿಗೆ ಪಾತ್ರಗಳ ಬಾಯಿಂದ ಮಾತೇ ಹೊರಡುವುದಿಲ್ಲ. ಮೂಡ್ ಬರಲಿ ಎಂದು ಕಾಯುತ್ತಾರೆ, ಮಳೆಗಾಲ ಬಂದು ಹೋಗುತ್ತದೆ. ಕೇಳಿದರೆ ಕಥೆ ಮುಂದೆ ಹೋಗಲಿಲ್ಲ ಎನ್ನುತ್ತಾರೆ. ಹಸ್ತಪ್ರತಿ ತಿರುವಿದರೆ ಕಾಣುವುದೇ ಬೇರೆ: ಓದಿದ್ದು ಕಡಿಮೆ, ಕಿವಿಗೊಟ್ಟು ಕೇಳಿದ್ದು ಇನ್ನೂ ಕಡಿಮೆ, ಪಾತ್ರಗಳು ಯಾವ ಭಾಷೆಯಲ್ಲಿ ಮಾತಾಡುತ್ತವೆ ಎಂಬುದು ತೀರ್ಮಾನವೇ ಆಗಿಲ್ಲ.

ಹಾಗಾಗಿ ಇಲ್ಲಿ ಬರೆಯುವ ಹಂತ ತಡವಾಗಿ ಬರುತ್ತದೆ. ಕ್ರಮ ತಪ್ಪಿಸಬೇಡಿ. ನಾಲ್ಕನೇ ಹಂತ ಹಾರಿ ಸೀದಾ ಆರಕ್ಕೆ ಹೋದವರೇ ಮೂವತ್ತನೇ ಪುಟದಲ್ಲಿ ಕೂತಿರುವುದು.

## ಮೊದಲು ಬೇಕಾದ ಸಾಮಾನು

ಅಂಗಿ ಕಿಸೆಗೆ ಹೊಂದುವ ಒಂದು ಚಿಕ್ಕ ನೋಟ್‌ಬುಕ್, ಬರೆದುಕೊಳ್ಳಲು 200 ಪುಟದ ಒಂದು ದೊಡ್ಡ ಖಾಲಿ ಪುಸ್ತಕ, ನೀರು ತಾಗಿದರೆ ಹರಡದ ಬಾಲ್‌ಪೆನ್, ಎರಡನ್ನೂ ಹಾಕಿಡಲು ಪ್ಲಾಸ್ಟಿಕ್ ಚೀಲ. ಜೂನ್ ತಿಂಗಳಲ್ಲಿ ಈ ಚೀಲದ ಬೆಲೆ ಗೊತ್ತಾಗುತ್ತದೆ. ಗ್ರಂಥಾಲಯದ ಸದಸ್ಯತ್ವ ಬೇಕು. ಸೌರಮಾನದ ತಿಂಗಳುಗಳಿರುವ ಗೋಡೆ ಕ್ಯಾಲೆಂಡರ್ ಬೇಕು. ಯಾಕೆಂದು ಐದನೇ ಹಂತದಲ್ಲಿ ಹೇಳುತ್ತೇನೆ. ಲ್ಯಾಪ್‌ಟಾಪ್ ಏಳನೇ ಹಂತದ ತನಕ ಬೇಡ.

## ಹಂತ 1: ಹೊತ್ತು ಗೊತ್ತುಮಾಡಿಕೊಳ್ಳಿ

ಒಂದು ವಾರ ಏನೂ ಬರೆಯಬೇಡಿ. ದಿನದ ಯಾವ ಹೊತ್ತು ಎಲ್ಲಿ ಹೋಯಿತು ಎಂದು ಮಾತ್ರ ಚಿಕ್ಕ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಬೆಳಿಗ್ಗೆ ರೈಲು ಹತ್ತಿ ಮಂಗಳೂರಿನ ಕಾಲೇಜಿಗೆ ಹೋಗುವವರ ದಿನ ಬೇರೆ, ಪಿಎಸ್‌ಸಿ ಪರೀಕ್ಷೆಗೆ ಕೂತವರ ದಿನ ಬೇರೆ, ಮನೆಯ ತೋಟ ನೋಡಿಕೊಂಡು ಸಂಜೆ ಟ್ಯೂಷನ್ ಕೊಡುವವರ ದಿನ ಬೇರೆ. ಇನ್ನೊಬ್ಬರ ದಿನಚರಿ ನಿಮಗೆ ಹಿಡಿಯುವುದಿಲ್ಲ.

ವಾರ ಕಳೆದ ಮೇಲೆ ಎರಡು ಹೊತ್ತು ಆರಿಸಿ: ಓದಿಗೆ ಮುಕ್ಕಾಲು ಗಂಟೆ, ಬರಹಕ್ಕೆ ಅರ್ಧ ಗಂಟೆ. ಎರಡನ್ನೂ ಒಟ್ಟಿಗೆ ಇಡಬೇಡಿ. ಒಳ್ಳೆಯ ಪುಸ್ತಕ ಸಿಕ್ಕಿದ ದಿನ ಓದು ಬರಹದ ಹೊತ್ತನ್ನು ನುಂಗುತ್ತದೆ. ಓದಿಗೆ ರೈಲು ಚೆನ್ನ, ಬಸ್ಸು ಆಗುವುದಿಲ್ಲ. ತಲಪಾಡಿ ದಾರಿಯ ಬಸ್ಸಿನಲ್ಲಿ ಓದಲು ಹೋದರೆ ತಲೆ ತಿರುಗುತ್ತದೆ ಅಷ್ಟೆ. ಬರಹಕ್ಕೆ ಬೆಳಿಗ್ಗೆ, ಮೊಬೈಲ್ ಮುಟ್ಟುವ ಮೊದಲು. ಸಂಜೆ ಏಳರಿಂದ ಒಂಬತ್ತೂವರೆ ಧಾರಾವಾಹಿಗಳ ಹೊತ್ತು. ಆಗ ಮನೆಯಲ್ಲಿ ಮೌನ ಬೇಕೆಂದು ಜಗಳ ಮಾಡುವುದು ದಂಡ.

ಕಾದಂಬರಿ ಬರೆಯುತ್ತಿದ್ದೇನೆ ಎಂದು ಮನೆಯವರ ಹತ್ತಿರ ಹೇಳಲು ನಾಚಿಕೆಯಾದರೆ "ಬರೆಯುವ ಕೆಲಸ ಉಂಟು" ಎಂದರೆ ಸಾಕು. ಹೇಳದೆ ಕೂತರೆ ಮಾತ್ರ ಬಾಳೆಗೊನೆ ತರಲು ನಿಮ್ಮನ್ನೇ ಕಳಿಸುತ್ತಾರೆ.

ಸಾಮಾನ್ಯ ತಪ್ಪು: ಇಡೀ ವಾರದ ಬರಹವನ್ನು ಭಾನುವಾರಕ್ಕೆ ಇಟ್ಟುಕೊಳ್ಳುವುದು. ನಮ್ಮೂರಿನ ಭಾನುವಾರ ಮದುವೆಗೆ, ಗೃಹಪ್ರವೇಶಕ್ಕೆ, ದೈವದ ಕೋಲಕ್ಕೆ ಮೀಸಲು. ಭಾನುವಾರವನ್ನು ಲೆಕ್ಕದಿಂದಲೇ ತೆಗೆಯಿರಿ.

## ಹಂತ 2: ಪುಸ್ತಕ ಒದಗಿಸಿಕೊಳ್ಳಿ

ಕನ್ನಡ ಪುಸ್ತಕ ಇಲ್ಲಿ ಸಿಗುವುದಿಲ್ಲ ಎಂಬ ಮಾತು ಅರ್ಧ ಸತ್ಯ. ಕೇರಳದ ಗ್ರಂಥಾಲಯ ಚಳವಳಿಯಿಂದಾಗಿ ಹಳ್ಳಿಹಳ್ಳಿಯಲ್ಲಿ ವಾಚನಾಲಯಗಳಿವೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯವುಗಳಲ್ಲಿ ಕನ್ನಡದ ಕಪಾಟು ಹುಡುಕಿದರೆ ಸಿಗುತ್ತದೆ. ಅದರಲ್ಲಿರುವುದು ಹೆಚ್ಚಾಗಿ ಹಳೆಯ ಕಾದಂಬರಿಗಳು, ಬೈಂಡು ಬಿಟ್ಟಿರುತ್ತದೆ, ಕೊನೆಯ ಪುಟ ಇರುವುದಿಲ್ಲ. ಅಡ್ಡಿಯಿಲ್ಲ. ಮೊದಲ ದಿನ ಪುಸ್ತಕ ತರಬೇಡಿ. ಕಪಾಟಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೆಸರು ಓದಿ ಪಟ್ಟಿ ಬರೆದುಕೊಳ್ಳಿ. ಎರಡನೇ ಸಲ ಹೋದಾಗ ಇಲ್ಲದ ಪುಸ್ತಕಗಳ ಪಟ್ಟಿಯನ್ನು ಕಾರ್ಯದರ್ಶಿಗೆ ಕಾಗದದಲ್ಲಿ ಬರೆದು ಕೊಡಿ. ಗ್ರಂಥಾಲಯಗಳಿಗೆ ಪುಸ್ತಕ ಖರೀದಿಗೆ ಅನುದಾನ ಬರುತ್ತದೆ. ಕನ್ನಡದ ಪುಸ್ತಕ ಬೇಕೆಂದು ಕೇಳುವವರೇ ಇಲ್ಲದಿದ್ದರೆ ಆ ಹಣ ಬೇರೆ ಕಪಾಟಿಗೆ ಹೋಗುವುದು ಸಹಜ. ಆ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ನೆನಪಿನಲ್ಲಿ ಜೂನ್ 19ರಂದು ವಾಚನಾ ದಿನ ಆಚರಿಸುತ್ತಾರಲ್ಲ, ಆ ಹೊತ್ತಿಗೆ ಗ್ರಂಥಾಲಯದವರೆಲ್ಲ ಒಟ್ಟಿಗೆ ಸಿಗುತ್ತಾರೆ, ಆಗಲೇ ಕೊಡಿ.

ಅಂತರ್ಜಾಲದಲ್ಲಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿವೆ. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ; ಅವರು ಬದುಕಿದ್ದಾಗ ಪ್ರಕಟವಾದ ಬರಹ 2024ರಿಂದ ಎಲ್ಲರಿಗೂ ಮುಕ್ತ. ಬದುಕಿರುವ ಲೇಖಕರ ಪಿಡಿಎಫ್ ಟೆಲಿಗ್ರಾಂನಲ್ಲಿ ಹುಡುಕುವವರಿಗೆ ಒಂದು ಮಾತು: ನಾಳೆ ನಿಮ್ಮ ಪುಸ್ತಕಕ್ಕೂ ಅದೇ ಗತಿ.

ಮಲಯಾಳದ ಕಪಾಟನ್ನು ಬಿಡಬೇಡಿ. ಕನ್ನಡ ಮಾಧ್ಯಮದಲ್ಲಿ ಕಲಿತ ಎಷ್ಟೋ ಜನ ಮಲಯಾಳ ನಿರರ್ಗಳ ಮಾತಾಡುತ್ತಾರೆ, ಬಸ್ಸಿನ ಬೋರ್ಡ್ ಬಿಟ್ಟು ಬೇರೇನೂ ಓದುವುದಿಲ್ಲ. ಅಕ್ಷರಮಾಲೆಯ ಕ್ರಮ ನಮ್ಮದೇ ಆದ್ದರಿಂದ ಕಲಿಯುವುದು ಕಷ್ಟವಲ್ಲ, ಮಕ್ಕಳ ಪತ್ರಿಕೆಯಿಂದ ಶುರುಮಾಡಿ. ಆದರೆ ಬರೆಯುವ ದಿನಗಳಲ್ಲಿ ಬೆಳಿಗ್ಗೆ ಮಲಯಾಳ ಓದಬೇಡಿ. ವಾಕ್ಯದ ಎಳೆತ ಗೊತ್ತಾಗದಂತೆ ಕನ್ನಡಕ್ಕೆ ನುಸುಳುತ್ತದೆ.

## ಹಂತ 3: ಒಂದೇ ಪುಸ್ತಕ, ಎರಡು ಓದು

ದಿನಕ್ಕೆ 25 ಪುಟದಂತೆ 200 ಪುಟದ ಕಾದಂಬರಿ ಎಂಟು ದಿನಕ್ಕೆ ಮುಗಿಯುತ್ತದೆ. ಈ ಮೊದಲ ಓದು ಸುಮ್ಮನೆ ಓದು. ಗುರುತು ಬೇಡ, ಟಿಪ್ಪಣಿ ಬೇಡ, ಸ್ಟೇಟಸ್ಸಿಗೆ ಫೋಟೋ ಬೇಡ. ಐವತ್ತು ಪುಟದ ಮೇಲೂ ಹಿಡಿಸದಿದ್ದರೆ ಹಿಂದಿರುಗಿಸಿ.

ಎರಡನೇ ಓದಿಗೆ ಇಡೀ ಪುಸ್ತಕ ಬೇಕಿಲ್ಲ. ನಿಮ್ಮನ್ನು ಹಿಡಿದು ಕೂರಿಸಿದ ಒಂದು ಅಧ್ಯಾಯ ಸಾಕು. ದೊಡ್ಡ ಪುಸ್ತಕದಲ್ಲಿ ಇಷ್ಟು ಬರೆದುಕೊಳ್ಳಿ: ಅಧ್ಯಾಯ ಶುರುವಾದಾಗ ಯಾರು ಎಲ್ಲಿದ್ದರು, ಮುಗಿಯುವಾಗ ಏನು ಬದಲಾಗಿತ್ತು, ಎಲ್ಲಿ ಲೇಖಕರು ಒಂದು ದಿನವನ್ನೋ ಒಂದು ವರ್ಷವನ್ನೋ ಹಾರಿದರು, ಹಾರಿದ್ದನ್ನು ಹೇಗೆ ತಿಳಿಸಿದರು, ಮಾತುಕತೆ ಎಷ್ಟು ಸಾಲು, ವಿವರಣೆ ಎಷ್ಟು ಸಾಲು, ಓದುಗನಿಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದ್ದು ಏನು. ಗ್ರಂಥಾಲಯದ ಪುಸ್ತಕದಲ್ಲಿ ಪೆನ್ಸಿಲ್ ಗೀಚಬೇಡಿ, ಚೀಟಿ ಇಡಿ.

ಆಮೇಲೆ ಆ ಅಧ್ಯಾಯದ ಒಂದು ಪುಟವನ್ನು ಕೈಯಲ್ಲಿ ನಕಲು ಮಾಡಿ. ಇದನ್ನು ಹೇಳಿದಾಗಲೆಲ್ಲ ಕಾಪಿ ಬರೆಯುವುದು ಶಾಲೆಯಲ್ಲಿ ಮುಗಿಯಲಿಲ್ಲವಾ ಎಂದು ನಗುತ್ತಾರೆ. ಮಾಡಿ ನೋಡಿ. ಕಣ್ಣು ಹಾರಿಸಿಬಿಡುವ "ಎಂದ", "ಎಂದಳು"ಗಳನ್ನು ಲೇಖಕರು ಎಲ್ಲಿ ಬಿಟ್ಟಿದ್ದಾರೆ, ಪ್ಯಾರಾ ಎಲ್ಲಿ ಮುರಿದಿದ್ದಾರೆ, ಉದ್ದ ವಾಕ್ಯದ ಹಿಂದೆ ಎಷ್ಟು ಗಿಡ್ಡ ವಾಕ್ಯ ಬಂತು, ಇವೆಲ್ಲ ಕೈಗೆ ತಿಳಿಯುತ್ತದೆ.

ಏನು ಓದಬೇಕು ಎಂದು ಕೇಳುವವರಿಗೆ ಹೆಸರುಗಳ ಪಟ್ಟಿ ನಾನು ಕೊಡುವುದಿಲ್ಲ. ಕಾದಂಬರಿಗಳ ನಡುವೆ ಒಂದು ಕಥಾಸಂಕಲನ, ಒಂದು ಆತ್ಮಕಥೆ, ಒಂದು ಊರಿನ ಅಥವಾ ಕಸುಬಿನ ಪುಸ್ತಕ ಬರುವಂತೆ ನೋಡಿಕೊಂಡರೆ ಆಯಿತು.

ಅಪಾಯದ ಸೂಚನೆ: ಸಾಲಾಗಿ ಒಬ್ಬರೇ ಲೇಖಕರ ಪುಸ್ತಕ ಓದುತ್ತಿದ್ದೀರಿ, ನಿಮ್ಮ ವಾಕ್ಯಗಳು ಅವರ ಹಾಗೆ ಮುಗಿಯತೊಡಗಿವೆ. ಆ ಲೇಖಕರನ್ನು ಎರಡು ತಿಂಗಳು ಮುಚ್ಚಿಡಿ.

## ಹಂತ 4: ಕಿವಿಗೆ ಒಂದು ಪುಸ್ತಕ

ಎಲ್ಲರೂ ಹಾರುವ ಹಂತ ಇದು. ನನ್ನ ಕೈಗೆ ಬರುವ ಹಸ್ತಪ್ರತಿಗಳಲ್ಲಿ ಪೆರ್ಲದ ಮನೆಯೊಂದರ ಮಗ ತಾಯಿಯ ಹತ್ತಿರ ಹೀಗೆ ಮಾತಾಡುತ್ತಾನೆ:

"ಅಮ್ಮಾ, ನಾನು ನಾಳೆ ಮಂಗಳೂರಿಗೆ ತೆರಳಬೇಕಾಗಿದೆ. ದಯವಿಟ್ಟು ಅನುಮತಿ ನೀಡು."

ಯಾವ ಮಗ ಹೀಗೆ ಕೇಳುತ್ತಾನೆ? ಅದೇ ಸಂಗತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರೆ ಹೀಗಿರುತ್ತದೆ:

"ಅಮ್ಮ, ನಾಳೆ ಮಂಗ್ಳೂರಿಗೆ ಹೋಗ್ಲಿಕ್ಕುಂಟು."

"ಎಂತ ಉಂಟು ಅಲ್ಲಿ?"

"ಕೆಲ್ಸ ಉಂಟು."

"ಕೆಲ್ಸ ಉಂಟಂತೆ. ಮೊನ್ನೆ ಹೋದದ್ದು ಸಾಕಾಗ್ಲಿಲ್ವಾ?"

ತಾಯಿ ಬೇಡ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅವಳಿಗೆ ಏನೋ ಸಂಶಯ ಇದೆ ಎಂದು ಓದುಗನಿಗೆ ಗೊತ್ತಾಯಿತು, ಕಥೆ ಮುಂದೆ ಹೋಯಿತು. ಮೊದಲಿನ ಮಾತಿನಲ್ಲಿ ತಾಯಿ ಅನುಮತಿ ಕೊಡುವುದು ಬಿಟ್ಟರೆ ಬೇರೆ ದಾರಿಯೇ ಇಲ್ಲ. ಮೂವತ್ತನೇ ಪುಟದಲ್ಲಿ ಪಾತ್ರಗಳು ಮೂಕವಾಗುವುದಕ್ಕೆ ಕಾರಣ ಇದು.

ಮಾಡಬೇಕಾದ್ದು ಇಷ್ಟು. ಚಿಕ್ಕ ನೋಟ್‌ಬುಕ್ ಕಿಸೆಯಲ್ಲಿರಲಿ. ದಿನಕ್ಕೆ ಎರಡು ಮಾತು, ಕೇಳಿದ ಹಾಗೆಯೇ, ತಿದ್ದದೆ ಬರೆಯಿರಿ: ರೇಷನ್ ಅಂಗಡಿಯಲ್ಲಿ, ಅಡಿಕೆ ಸುಲಿಯುವ ಅಂಗಳದಲ್ಲಿ, ಆಸ್ಪತ್ರೆಯ ಟೋಕನ್ ಸಾಲಿನಲ್ಲಿ. ಮಾತಿನ ಜತೆ ಆ ಹೊತ್ತಿಗೆ ಅವರ ಕೈ ಏನು ಮಾಡುತ್ತಿತ್ತು ಎಂದು ಒಂದು ಸಾಲು. ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಡಿ. ಅದು ಸರಿಯೂ ಅಲ್ಲ, ಆಮೇಲೆ ಕೂತು ಕೇಳುವವರೂ ಇಲ್ಲ.

ಎರಡು ತಿಂಗಳು ಕಳೆದ ಮೇಲೆ ದೊಡ್ಡ ಪುಸ್ತಕದಲ್ಲಿ ನಿಮ್ಮ ಪಾತ್ರಗಳ ಭಾಷಾ ಪಟ್ಟಿ ಮಾಡಿ. ಪ್ರತಿ ಪಾತ್ರಕ್ಕೂ ಮನೆಯೊಳಗಿನ ಮಾತು ಯಾವುದು, ಅಂಗಡಿಯಲ್ಲಿ ಯಾವುದು, ಕಚೇರಿಯಲ್ಲಿ ಯಾವುದು, ಸಿಟ್ಟು ಬಂದಾಗ ಯಾವುದು. ಉಪ್ಪಳದ ಬ್ಯಾರಿ ವ್ಯಾಪಾರಿ ಮನೆಯಲ್ಲಿ ಬ್ಯಾರಿ, ಗಿರಾಕಿಯ ಹತ್ತಿರ ತುಳು, ಪಂಚಾಯತಿನಲ್ಲಿ ಮಲಯಾಳ, ಮಗನ ಮೇಷ್ಟ್ರ ಹತ್ತಿರ ಕನ್ನಡ ಮಾತಾಡುವುದು ನಮಗೆ ವಿಶೇಷವೇ ಅಲ್ಲ. ಬರೆಯುವಾಗ ಮಾತ್ರ ಇವರೆಲ್ಲರಿಗೂ ಪಠ್ಯಪುಸ್ತಕದ ಒಂದೇ ಕನ್ನಡ ಹಂಚಿಬಿಡುತ್ತೇವೆ.

ನಿರೂಪಣೆ ಎಲ್ಲ ಕಡೆಯ ಕನ್ನಡಿಗರಿಗೂ ತಿಳಿಯುವ ಕನ್ನಡದಲ್ಲಿರಲಿ. ಮಾತುಕತೆ ಇಲ್ಲಿನ ಕನ್ನಡದಲ್ಲಿ. ತುಳುವೋ ಮಲಯಾಳವೋ ಹವ್ಯಕವೋ ಬೇಕಾದಲ್ಲಿ ಒಂದೇ ಸಾಲು, ಅದರ ಅರ್ಥ ಮುಂದಿನ ಸಾಲಿನಿಂದಲೇ ಹೊರಡಬೇಕು. "ಓಡೆ ಪೋವೊಡು?" ಎಂದು ಕಂಡಕ್ಟರ್ ಕೇಳಿ, "ಕುಂಬಳೆ, ಎರಡು" ಎಂದು ನಿಮ್ಮ ಪಾತ್ರ ಚಿಲ್ಲರೆ ಕೊಟ್ಟರೆ ಧಾರವಾಡದ ಓದುಗನಿಗೂ ಸಾಕು. ಅಡಿಟಿಪ್ಪಣಿ, ಕೊನೆಯಲ್ಲಿ ಪದಕೋಶ ಬೇಡ.

ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ ಚಟ ಇರುವವರು ಒಂದು ವಿಷಯದಲ್ಲಿ ಜಾಗ್ರತೆ. ಎದುರಾಳಿಯ ಮಾತನ್ನೇ ಹಿಡಿದು ವಾದ ತಿರುಗಿಸುವುದನ್ನು ಅಲ್ಲಿ ಮಾತಾಡುವ ಅರ್ಥಧಾರಿಗಳಿಂದ ಕಲಿಯಬಹುದು, ಖಂಡಿತ. ಆದರೆ ಕಾದಂಬರಿಯ ರಿಕ್ಷಾ ಡ್ರೈವರ್ ಅರ್ಧ ಪುಟ ಉಸಿರು ತೆಗೆಯದೆ ಕೃಷ್ಣಸಂಧಾನದ ಗತ್ತಿನಲ್ಲಿ ಮಾತಾಡಿದರೆ, ಅಲ್ಲಿಗೆ ಓದುಗ ಪುಸ್ತಕ ಮುಚ್ಚಿದ.

ನಿಜವಾದ ಜನರಿಂದ ಮಾತು ತೆಗೆದುಕೊಂಡಾಗ ಹೆಸರು ಬದಲಿಸಿದರೆ ಸಾಲದು. ನಮ್ಮಲ್ಲಿ ಜನ ಗುರುತು ಸಿಗುವುದು ಮನೆ ಹೆಸರಿನಿಂದ, ನೆಂಟಸ್ತಿಕೆಯಿಂದ. ಅವೆರಡನ್ನೂ ಬದಲಿಸಿ.

## ಹಂತ 5: ಕಾಲ ಮತ್ತು ಕಸುಬು ಸರಿನೋಡಿ

ಕಲ್ಪನೆಗೆ ರಿಯಾಯಿತಿ ಉಂಟು, ಇಸವಿಗೆ ಇಲ್ಲ. 1970ರಲ್ಲಿ ನಡೆಯುವ ಕಥೆಯಲ್ಲಿ "ಕಾಸರಗೋಡು ಜಿಲ್ಲಾಧಿಕಾರಿ" ಬಂದುಬಿಡುತ್ತಾರೆ. ಜಿಲ್ಲೆ ಆದದ್ದು 1984ರ ಮೇ 24ರಂದು. ಅದಕ್ಕೆ ಮೊದಲು ಇದು ಕಣ್ಣೂರು ಜಿಲ್ಲೆಯ ಭಾಗ. 1956ರ ನವೆಂಬರ್ 1ರ ತನಕ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅಂದರೆ 1955ರ ಪಾತ್ರ ಸರ್ಕಾರಿ ಕಾಗದಕ್ಕೆ ಮಂಗಳೂರಿಗೆ ಓಡಬೇಕು, 1970ರ ಪಾತ್ರ ಕಣ್ಣೂರಿಗೆ. ಇಡೀ ದೃಶ್ಯದ ದಿಕ್ಕೇ ಬೇರೆ.

ದುಡ್ಡಿನದ್ದೂ ಹಾಗೇ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೆ ಮೊದಲಿನ ಬೀಡಿ ಕೂಲಿ ಆಣೆಯಲ್ಲಿರಬೇಕು, ರೂಪಾಯಿಗೆ 16 ಆಣೆ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. 1985ರಲ್ಲಿ ಮುಂಬಯಿ ಹೋಟೆಲಿಗೆ ಓಡಿಹೋಗುವ ಹುಡುಗನನ್ನು ಕರಾವಳಿಯ ರೈಲಿಗೆ ಹತ್ತಿಸಬೇಡಿ, ಮಂಗಳೂರಿಂದ ಬಸ್ಸಿಗೆ ಹತ್ತಿಸಿ. ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು 2000ದ ತನಕ. 2008ರ ಕಥೆಯಲ್ಲಿ ಆ ಸದ್ದು ಬೇಡ, ಅದರ ಪರಿಣಾಮ ಮಾತ್ರ ಬರಬೇಕು.

ಗೋಡೆ ಕ್ಯಾಲೆಂಡರ್ ಬೇಕಾದದ್ದು ಇಲ್ಲಿ. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ-ನೇಮ ನಿಲ್ಲುತ್ತದೆ. ಜುಲೈ-ಆಗಸ್ಟಿನ ಆಟಿ ತಿಂಗಳ ಜಡಿಮಳೆಯಲ್ಲಿ ಬಯಲಾಟ ಇಟ್ಟ ಹಸ್ತಪ್ರತಿ ಒಂದೆರಡಲ್ಲ.

ಕಸುಬಿನ ವಿವರಕ್ಕೆ ಆ ಕಸುಬಿನವರ ಹತ್ತಿರವೇ ಹೋಗಿ. ನೀರಿಗಾಗಿ ತೋಡುವ ಸುರಂಗದ ಉದಾಹರಣೆ ತೆಗೆದುಕೊಳ್ಳಿ. ಇಲ್ಲಿನ ಕಾದಂಬರಿಗೆ ಸುರಂಗ ಬಾರದೆ ಇರುವುದಿಲ್ಲ, ಬಂದಾಗಲೆಲ್ಲ ಅದು ಬಾವಿಯ ಹಾಗೆ ಕೆಳಕ್ಕೆ ಇಳಿಯುತ್ತದೆ! ಸುರಂಗ ತೋಡುವುದು ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ, ಒಬ್ಬ ಮನುಷ್ಯ ನುಸಿಯುವಷ್ಟು ಅಗಲಕ್ಕೆ. ಒಸರಿದ ನೀರು ತಾನಾಗಿ ಹೊರಗೆ ಹರಿಯುವಂತೆ ಬಾಯಿಯ ಕಡೆಗೆ ಸಣ್ಣ ಇಳಿಜಾರು ಕೊಡುತ್ತಾರೆ. ಒಳಗೆ ಪಿಕ್ಕಾಸಿನಿಂದ ಕಡಿಯುವವನ ಪಕ್ಕ ಮೇಣದಬತ್ತಿ ಇರುತ್ತದೆ. ಬೆಳಕಿಗೆ ಹೌದು, ಆದರೆ ಬತ್ತಿ ಮಂಕಾಗಿ ಆರಿದರೆ ಉಸಿರಿಗೆ ಗಾಳಿ ಸಾಲದು ಎಂದು ಲೆಕ್ಕ. ಕೂಡಲೇ ಹೊರಗೆ ಬರಬೇಕು. ಉದ್ದದ ಸುರಂಗಕ್ಕೆ ಮೇಲಿನಿಂದ ಗಾಳಿಕಂಡಿ ಕೊರೆಯುವುದು ಇದಕ್ಕೇ. ಈ ಒಂದು ಮೇಣದಬತ್ತಿ ಗೊತ್ತಿದ್ದರೆ ಎರಡು ಪುಟದ ದೃಶ್ಯ ತನ್ನಷ್ಟಕ್ಕೆ ನಿಲ್ಲುತ್ತದೆ.

## ಹಂತ 6: ಈಗ ಬರೆಯಿರಿ

ಅಚ್ಚಿನ ಒಂದು ಪುಟಕ್ಕೆ ಸುಮಾರು 200 ಪದ ಎಂದಿಟ್ಟುಕೊಂಡರೆ 200 ಪುಟಕ್ಕೆ 40,000 ಪದ. ದಿನಕ್ಕೆ 250 ಪದ, ವಾರಕ್ಕೆ ಐದು ದಿನ ಬರೆದರೆ 32 ವಾರ, ಅಂದರೆ ಏಳೂವರೆ ತಿಂಗಳ ಹತ್ತಿರ. ಇದಕ್ಕಿಂತ ಜೋರಾಗಿ ಹೊರಟವರು ಎರಡನೇ ವಾರಕ್ಕೆ ಸುಸ್ತಾಗುತ್ತಾರೆ.

1. ಅಧ್ಯಾಯಗಳ ಪಟ್ಟಿ ಮಾಡಬೇಡಿ. ಹತ್ತು ದೃಶ್ಯಗಳ ಪಟ್ಟಿ ಮಾಡಿ. ಪ್ರತಿ ದೃಶ್ಯಕ್ಕೆ ಯಾರಿಗೆ ಏನು ಬೇಕು, ಯಾರು ಅಡ್ಡ ನಿಲ್ಲುತ್ತಾರೆ ಎಂದು ಒಂದು ಸಾಲು.

2. ಸುಲಭವೆನಿಸಿದ ದೃಶ್ಯದಿಂದ ಶುರುಮಾಡಿ, ಅದು ಕಥೆಯ ನಡುವಿನದ್ದಾದರೂ ಸರಿ. ಮೊದಲ ಪುಟವನ್ನು ಕೊನೆಗೆ ಬರೆಯಿರಿ. ಮೊದಲೇ ಬರೆದಿದ್ದರೆ ಅದು ಸೂರ್ಯೋದಯವೋ ಚಂದ್ರಗಿರಿ ಹೊಳೆಯ ವರ್ಣನೆಯೋ ಆಗಿರುತ್ತದೆ, ಹೇಗೂ ಕೀಳಬೇಕು.

3. ಮುಂದಿನ ವಾಕ್ಯ ಏನೆಂದು ಗೊತ್ತಿರುವಾಗಲೇ ನಿಲ್ಲಿಸಿ. ಮರುದಿನ ಹಿಂದಿನ ಒಂದು ಪುಟ ಮಾತ್ರ ಓದಿ ಮುಂದುವರಿಸಿ. ಮೊದಲಿಂದ ಓದಲು ಕೂತರೆ ತಿದ್ದುತ್ತೀರಿ, ತಿದ್ದಿದರೆ ಮುಂದೆ ಹೋಗುವುದಿಲ್ಲ.

4. ನಿಂತುಹೋದರೆ ಚಿಕ್ಕ ನೋಟ್‌ಬುಕ್ ತೆರೆದು ಏನೋ ಕೆಲಸದ ಮೇಲೆ ಒಬ್ಬರನ್ನು ಕಥೆಯ ಮನೆಗೆ ಕಳಿಸಿ: ಮದುವೆ ಕಾಗದ ಕೊಡಲು ಬಂದವರು, ಮೀಟರ್ ರೀಡಿಂಗಿನವನು, ಅಡಿಕೆ ವ್ಯಾಪಾರಿ. ಬಂದವರಿಗೆ ಚಹಾ ಕೊಡುವಷ್ಟರಲ್ಲಿ ಮನೆಯವರು ತಮ್ಮತಮ್ಮಲ್ಲಿ ಮಾತಾಡಲೇಬೇಕು.

ಗಡಿಯ ವಿಷಯದಲ್ಲಿ ಒಂದು ಪ್ರತ್ಯೇಕ ಮಾತು. ನಿವೃತ್ತ ಮೇಷ್ಟ್ರೊಬ್ಬರು ಜಗಲಿಯಲ್ಲಿ ಕೂತು ಊರು ಕೇರಳಕ್ಕೆ ಸೇರಿದ 1956ರ ಬಗ್ಗೆ ನಾಲ್ಕು ಪುಟ ದುಃಖಿಸುವುದು ಇಲ್ಲಿನ ಹಸ್ತಪ್ರತಿಗಳಿಗೆ ಅಂಟಿದ ಜಾಡ್ಯ. ದುಃಖ ಸುಳ್ಳೆಂದಲ್ಲ. ಆದರೆ ಮಲಯಾಳದಲ್ಲಿ ಬಂದ ತೆರಿಗೆ ನೋಟೀಸನ್ನು ಹಿಡಿದು ಮುದುಕಿಯೊಬ್ಬಳು ಪಕ್ಕದ ಮನೆಯ ಹುಡುಗನ ಹತ್ತಿರ "ಇದರಲ್ಲಿ ಎಂತ ಬರ್ದಿದ್ದಾರೆ ಮಗಾ, ಸ್ವಲ್ಪ ಓದು" ಎಂದರೆ, ಅವನು ಓದುವಾಗ ಮೊತ್ತವನ್ನು ಎರಡು ಸಲ ಕೇಳಿದರೆ, ಮೇಷ್ಟ್ರ ಭಾಷಣ ಬೇಕಾಗುವುದಿಲ್ಲ.

ಅಪಾಯದ ಸೂಚನೆಗಳು: ಹೆಸರಿಡುವುದರಲ್ಲಿ, ಮುಖಪುಟ ಯೋಚಿಸುವುದರಲ್ಲಿ ದಿನ ಹೋಗುತ್ತಿದೆ, ಬರೆದದ್ದಕ್ಕಿಂತ ಬರೆಯುತ್ತಿರುವ ಬಗ್ಗೆ ಹೆಚ್ಚು ಮಾತಾಡುತ್ತಿದ್ದೀರಿ, ಓದು ಪೂರ್ತಿ ನಿಂತಿದೆ. ಕೊನೆಯದು ಗಂಭೀರ. ಓದು ನಿಂತ ಮೂರನೇ ವಾರಕ್ಕೆ ವಾಕ್ಯಗಳೆಲ್ಲ ಒಂದೇ ಅಳತೆಗೆ ಬರುತ್ತವೆ.

## ಹಂತ 7: ಟೈಪ್ ಮಾಡುವುದು

ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಫೈಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರದ ಬದಲು ಇಂಗ್ಲಿಷ್ ಚಿಹ್ನೆಗಳ ಸಂತೆ ಕಾಣುತ್ತದೆ. ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತದೆ. ಬಾಯಿಯಲ್ಲಿ ಹೇಳಿ ಟೈಪಿಸುವ ಸೌಲಭ್ಯ ನಿರೂಪಣೆಗೆ ಪರವಾಗಿಲ್ಲ. ಮಾತುಕತೆಗೆ ಬಳಸಬೇಡಿ: "ಹೋಗ್ಲಿಕ್ಕುಂಟು" ಎಂದದ್ದನ್ನು ಅದು ತನಗೆ ತಿಳಿದ ಕನ್ನಡಕ್ಕೆ ತಿದ್ದಿಬಿಟ್ಟರೆ ನಾಲ್ಕನೇ ಹಂತದ ದುಡಿಮೆ ನೀರುಪಾಲು.

ಪ್ರತಿ ಶನಿವಾರ ಫೈಲಿಗೆ ತಾರೀಕು ಸೇರಿಸಿ ನಿಮಗೇ ಇಮೇಲ್ ಮಾಡಿ. ಅಕ್ಟೋಬರ್-ನವೆಂಬರಿನ ತುಲಾ ತಿಂಗಳ ಸಂಜೆ ಗುಡುಗು ಶುರುವಾದರೆ ಚಾರ್ಜರ್ ಎಳೆದಿಡಿ. ಸಿಡಿಲಿಗೆ ಹೋದ ಲ್ಯಾಪ್‌ಟಾಪಿನಿಂದ ಹಸ್ತಪ್ರತಿ ಹೊರತೆಗೆಯುವುದು ಸುಲಭವಲ್ಲ.

## ಹಂತ 8: ಯಾರಿಗೆ ತೋರಿಸಬೇಕು

ಮೊದಲ ಕರಡು ಮುಗಿಯುವ ತನಕ ಯಾರಿಗೂ ಬೇಡ, ವಾಟ್ಸಾಪ್ ಗುಂಪಿಗಂತೂ ಬೇಡವೇ ಬೇಡ. ಅಲ್ಲಿ ಸಿಗುವ ಹೂಗುಚ್ಛದ ಚಿತ್ರಗಳಿಂದ ಒಂದು ವಾಕ್ಯವೂ ತಿದ್ದಲಾಗುವುದಿಲ್ಲ. ಮುಗಿದ ಮೇಲೆ ಹದಿನೈದು ದಿನ ಮುಚ್ಚಿಟ್ಟು, ಮುದ್ರಿಸಿದ ಪ್ರತಿಯನ್ನು ಇಬ್ಬರಿಗೆ ಕೊಡಿ: ಒಬ್ಬರು ಈ ಊರಿನವರು, ಇನ್ನೊಬ್ಬರು ಘಟ್ಟದ ಮೇಲಿನವರು. ಹೇಗಿದೆ ಎಂದು ಕೇಳಬೇಡಿ, ಚೆನ್ನಾಗಿದೆ ಎನ್ನುತ್ತಾರೆ. ಎಲ್ಲಿ ಓದು ನಿಲ್ಲಿಸಿ ಎದ್ದಿರಿ, ಯಾವ ಪಾತ್ರದ ಹೆಸರು ಮರೆತುಹೋಯಿತು, ಯಾವ ಮಾತು ಅರ್ಥವಾಗಲಿಲ್ಲ ಎಂದು ಕೇಳಿ, ಪುಟದ ಅಂಚಿನಲ್ಲಿ ಗುರುತು ಹಾಕಿಸಿಕೊಳ್ಳಿ. ಇಬ್ಬರೂ ಒಂದೇ ಪುಟದಲ್ಲಿ ಎದ್ದಿದ್ದರೆ ತಿದ್ದುವುದು ಅಲ್ಲಿಂದ. ಊರಿನವರು ಮಾತ್ರ ಎದ್ದಿದ್ದರೆ ಐದನೇ ಹಂತಕ್ಕೆ ಹಿಂದಿರುಗಿ, ಯಾವುದೋ ವಿವರ ತಪ್ಪಿದೆ. ಘಟ್ಟದ ಮೇಲಿನವರು ಮಾತ್ರ ಎದ್ದಿದ್ದರೆ ಆ ಪುಟದಲ್ಲಿ ತುಳುವೋ ಮಲಯಾಳವೋ ಒಂದು ಸಾಲಿಗಿಂತ ಹೆಚ್ಚಾಗಿರುತ್ತದೆ, ನೋಡಿ.

ಪ್ರಕಾಶಕರ ವಿಚಾರ ಇದೆಲ್ಲ ಆದ ಮೇಲೆ. ನೀವೇ ಇಷ್ಟು ಪ್ರತಿ ಕೊಳ್ಳಬೇಕು ಎಂಬ ಷರತ್ತು ಬಂದರೆ ಪ್ರತಿಯ ಸಂಖ್ಯೆ, ರಿಯಾಯಿತಿ, ಗೌರವಧನ, ಮರುಮುದ್ರಣದ ಹಕ್ಕು ಇಷ್ಟನ್ನೂ ಕಾಗದದಲ್ಲಿ ಬರೆಸಿಕೊಂಡು ಆಮೇಲೆ ದುಡ್ಡು ಕೊಡಿ.